ಊರಂಚಿನ ಮೂರು ಸರ್ಕಾರಿ ಶಾಲೆ: ಮಕ್ಕಳನ್ನು ಯಾವುದಕ್ಕೆ ಸೇರಿಸಲಿ?

ಓದುಗರ ಪ್ರಶ್ನೆ:

ಮೇಡಂ, ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾ. ಈಗ ಕಲಬುರಗಿ ರಿಂಗ್ ರೋಡ್ ಆಚೆ ಹೊಸ ಲೇಔಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳು ನಗರದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 4ನೇ ತರಗತಿ ಮುಗಿಸುತ್ತಿದ್ದಾಳೆ. ಮಗನಿಗೆ ಏಪ್ರಿಲ್‌ನಲ್ಲಿ ಆರು ವರ್ಷ ತುಂಬುತ್ತದೆ. ಇಬ್ಬರ ಫೀ ಕಟ್ಟುವ ಶಕ್ತಿ ನಮಗಿಲ್ಲ. ಸರ್ಕಾರಿ ಶಾಲೆಗೆ ಹಾಕೋಣ ಅಂತ ಮಾಡಿದ್ದೇವೆ. ಮನೆಯಿಂದ ಐದು ನಿಮಿಷ ನಡೆದರೆ 1ರಿಂದ 5ರವರೆಗಿನ ಶಾಲೆ ಇದೆ, 34 ಮಕ್ಕಳು, ಇಬ್ಬರು ಶಿಕ್ಷಕರು. ಎರಡು ಕಿಲೋಮೀಟರ್ ದೂರದ ಹಳೇ ಊರಿನಲ್ಲಿ 1ರಿಂದ 8ರ ಶಾಲೆ ಇದೆ, ಮುನ್ನೂರರ ಹತ್ತಿರ ಮಕ್ಕಳು. ಏಳು ಕಿಲೋಮೀಟರ್ ದೂರ ಕರ್ನಾಟಕ ಪಬ್ಲಿಕ್ ಶಾಲೆ, ಅಲ್ಲಿ ಇಂಗ್ಲಿಷ್ ಸೆಕ್ಷನ್ ಇದೆ, ಆದರೆ ಆಟೋ ಬೇಕು. ಪಕ್ಕದ ಮನೆಯವರು, "ಸರ್ಕಾರಿ ಸಾಲ್ಯಾಗ ಹಾಕಿದ್ರ ಹುಡುಗ್ರು ಕೆಡ್ತಾರ, ನಮ್ಮ ಜಿಲ್ಲಾ ರಿಸಲ್ಟ್ ನೋಡ್ರಿ, ಕಡೀಗ್ ಅದ" ಅನ್ನುತ್ತಾರೆ. ಮನೆಯಲ್ಲಿ ನಾವು ಲಂಬಾಣಿ ಮಾತಾಡುತ್ತೇವೆ. ನಾನು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯೋದು?

ಉತ್ತರ:

ತಂಗಿ, ನೀವು ಕೇಳಿದ್ದು ಯಾವ ಶಾಲೆ ಒಳ್ಳೆಯದು ಅಂತ. ಆದರೆ ಪತ್ರ ಓದಿದರೆ ಅದರ ಹಿಂದಿನ ದಿಗಿಲು ಕಾಣುತ್ತದೆ. ಫೀ ಕಟ್ಟಲಾಗದೆ ಮಕ್ಕಳ ಮುಂದಿನ ದಾರಿಗೆ ನಾವೇ ಅಡ್ಡ ಬರುತ್ತಿದ್ದೇವಾ ಅಂತ. ಅದಕ್ಕೆ ಮೊದಲು ಹೇಳಿಬಿಡುತ್ತೇನೆ: ಇಲ್ಲ. ಬಡ್ಡಿಗೆ ಸಾಲ ಮಾಡಿ ಫೀ ಕಟ್ಟಿ, ಆಮೇಲೆ ವರ್ಷದ ಮಧ್ಯೆ ಮಗುವನ್ನು ಬಿಡಿಸುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವರ್ಷ ಶುರುವಾಗುವ ಮೊದಲೇ ಕೂತು ಯೋಚನೆ ಮಾಡುತ್ತಿದ್ದೀರಲ್ಲ, ಅದೇ ಸರಿಯಾದ ಹೊತ್ತು.

ನಾನು ಮುಖ್ಯ ಶಿಕ್ಷಕಿಯಾಗಿದ್ದೆ, ಅದಕ್ಕೂ ಮೊದಲು ಕಲಬುರಗಿ ಸುತ್ತಮುತ್ತ ಸಿಆರ್‌ಪಿ ಆಗಿದ್ದೆ. ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ ಒಬ್ಬರು ಸಿಆರ್‌ಪಿ ಇರುತ್ತಾರೆ. ಶಾಲೆಯಿಂದ ಶಾಲೆಗೆ ಹೋಗಿ ಪಾಠ ಹೇಗೆ ನಡೆದಿದೆ ನೋಡೋದು, ಶಿಕ್ಷಕರಿಗೆ ನೆರವಾಗೋದು ಅವರ ಕೆಲಸ. ಒಂದೇ ಕ್ಲಸ್ಟರ್, ಅದೇ ಪಠ್ಯಪುಸ್ತಕ, ಅದೇ ಸಂಬಳ, ಅದೇ ಬಿಸಿಯೂಟ. ಆದರೂ ಒಂದು ಶಾಲೆಯಲ್ಲಿ ಮೂರನೇ ತರಗತಿ ಮಕ್ಕಳು ಕಥೆ ಪುಸ್ತಕಕ್ಕೆ ಕಿತ್ತಾಡಿಕೊಂಡು ಓದುತ್ತಿದ್ದರೆ, ಎರಡು ಕಿಲೋಮೀಟರ್ ಆಚೆಯ ಇನ್ನೊಂದರಲ್ಲಿ ಐದನೇ ತರಗತಿಯವರು ಒತ್ತಕ್ಷರ ಬಂದರೆ ತಡವರಿಸುತ್ತಾರೆ. ಹಾಗಾಗಿ 'ಸರ್ಕಾರಿ ಶಾಲೆ' ಅಂತ ಒಟ್ಟಾಗಿ ಒಳ್ಳೆಯದು, ಕೆಟ್ಟದ್ದು ಅನ್ನಲು ಬರುವುದಿಲ್ಲ. ಈ ಶಾಲೆ, ಈ ವರ್ಷ, ಈ ಶಿಕ್ಷಕರು ಅಂತಲೇ ನೋಡಬೇಕು.

ಜಿಲ್ಲೆಯ ರಿಸಲ್ಟ್ ಏನು ಹೇಳುತ್ತದೆ?

ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59ರೊಂದಿಗೆ ರಾಜ್ಯದಲ್ಲೇ ಕೊನೆಗಿತ್ತು. 2025ರಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು, ಶೇ 42.43. ಈ ಭಾಗದಲ್ಲಿ ಪಾಠ ಮಾಡಿದ ಎಲ್ಲರಿಗೂ ಅದು ಸಂಕಟದ ಸುದ್ದಿ.

ಆದರೆ ಆ ಅಂಕಿಯಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲ ಸೇರಿವೆ. ಇಡೀ ಜಿಲ್ಲೆಯ ಹತ್ತನೇ ತರಗತಿಯ ಲೆಕ್ಕ ಅದು. ನಿಮ್ಮ ಮನೆ ಹಿಂದಿನ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುವ ಟೀಚರ್ ಹೇಗೆ ಅನ್ನೋದನ್ನು ಅದು ಹೇಳೋದಿಲ್ಲ. ಇನ್ನೊಂದು ವಿಷಯ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಅಂದರೆ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಮೊದಲಿನಿಂದ ಮುಚ್ಚಿಹೋಗಿದ್ದ ಕೊರತೆ ಹೊರಗೆ ಬಿತ್ತು.

ಆ ಕೊರತೆ ಎಲ್ಲಿಂದ ಬಂತು ಅಂತ ನಿಮಗೆ ನಾನು ಹೇಳಬೇಕಿಲ್ಲ, ನಿಮ್ಮ ತಾಂಡಾದಲ್ಲೇ ನೋಡಿರುತ್ತೀರಿ. ಮಳೆಗಾಲ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಮನೆಗಳು. ಅಪ್ಪ ಅವ್ವನ ಜತೆ ಮಗುವೂ ಹೋಗುತ್ತದೆ, ಇಲ್ಲವೇ ಅಜ್ಜಿ ಹತ್ತಿರ ಉಳಿದು ಮನಸ್ಸು ಬಂದ ದಿನ ಶಾಲೆಗೆ ಬರುತ್ತದೆ. ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲ, ನಮ್ಮ ಕಡೆ ತೊಗರಿ ರಾಶಿ ಕಾಲ ಬಂತೆಂದರೆ ದೊಡ್ಡ ತರಗತಿಯ ಬೆಂಚುಗಳು ಖಾಲಿ. ಇದರ ಮೇಲೆ ಶಿಕ್ಷಕರ ಹುದ್ದೆ ಖಾಲಿ. ಗಣಿತಕ್ಕೆ, ಇಂಗ್ಲಿಷ್‌ಗೆ ಇಡೀ ವರ್ಷ ಒಬ್ಬರೇ ಶಿಕ್ಷಕರು ಸಿಕ್ಕ ಮಕ್ಕಳೂ, ಮೂರು ಸಲ ಅತಿಥಿ ಶಿಕ್ಷಕರು ಬದಲಾದ ಮಕ್ಕಳೂ ಮಾರ್ಚ್‌ನಲ್ಲಿ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಮೂರನೇ ತರಗತಿಯಲ್ಲಿ ಓದಲು ಬಾರದ ಮಗು ಆರರಲ್ಲಿ ವಿಜ್ಞಾನ ಓದಲಾರದು, ಹತ್ತರಲ್ಲಿ ಉತ್ತರ ಬರೆಯಲಾರದು. ಹತ್ತರ ಫಲಿತಾಂಶದ ಬೇರು ಮೂರರಲ್ಲಿದೆ. ಅದಕ್ಕೇ ನಾನು ಯಾವ ಶಾಲೆಗೆ ಹೋದರೂ ಮೊದಲು ಮೂರನೇ ತರಗತಿಗೆ ಹೋಗುತ್ತಿದ್ದೆ.

ಊರಂಚಿನ ಶಾಲೆಗಳಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಶಿಕ್ಷಕರು ಊರಲ್ಲೇ ಮನೆ ಮಾಡಿ ಓಡಾಡಬಹುದು, ಹಾಗಾಗಿ ಇಲ್ಲಿಗೆ ವರ್ಗ ಕೇಳಿ ಬರುವವರು ಜಾಸ್ತಿ. ಚಿಂಚೋಳಿಯ ಒಳಹಳ್ಳಿಗಿಂತ ಇಲ್ಲಿ ಹುದ್ದೆ ಖಾಲಿ ಉಳಿಯೋದು ಕಡಿಮೆ. ತೊಂದರೆಯೂ ಇದೆ. ಲೇಔಟ್‌ಗಳು ಬೆಳೆದಷ್ಟು ಬೇಗ ಕೊಠಡಿಗಳು ಬೆಳೆಯೋದಿಲ್ಲ. ಕಟ್ಟಡ ಕೆಲಸದವರ ಮಕ್ಕಳು ವರ್ಷದ ಮಧ್ಯೆ ಬರುತ್ತಾರೆ, ಕೆಲಸ ಮುಗಿದರೆ ಹೋಗುತ್ತಾರೆ. ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಅಂಥ ತರಗತಿ ಒಂದೇ ಹದದಲ್ಲಿ ಸಾಗೋದು ಕಷ್ಟ.

"ಮಕ್ಕಳು ಕೆಡ್ತಾರ" ಅನ್ನೋ ಮಾತಿಗೆ ಹೆಚ್ಚು ಹೇಳುವುದಿಲ್ಲ. ಬೈಗುಳ ಯಾವ ಶಾಲೆಯ ಆಟದ ಬಯಲಲ್ಲೂ ಇದೆ, ಟೈ ಕಟ್ಟಿದವರ ಬಾಯಲ್ಲೂ ಇದೆ.

ಮೂರೂ ಶಾಲೆಗೆ ಒಂದೊಂದು ಸಲ ಹೋಗಿ ಬನ್ನಿ

ಮಂದಿಯ ಮಾತು ಕೇಳಿ ಶಾಲೆ ಆರಿಸಬೇಡಿ, ಹೋಗಿ ನೋಡಿ. ಮಾರ್ಚ್ ಮುಗಿಯುವ ಮೊದಲೇ ಹೋಗಿ. ಏಪ್ರಿಲ್ 10ರ ಹೊತ್ತಿಗೆ ಬೇಸಿಗೆ ರಜೆ ಶುರುವಾಗುತ್ತದೆ, ಆಮೇಲೆ ಮೇ ಕೊನೆಯವರೆಗೆ ನೋಡಲು ಏನೂ ಇರೋದಿಲ್ಲ. ಧ್ವಜಾರೋಹಣದ ದಿನ, ಶಾಲಾ ವಾರ್ಷಿಕೋತ್ಸವದ ದಿನ ಹೋದರೆ ಏನೂ ತಿಳಿಯೋದಿಲ್ಲ. ಶನಿವಾರ ಅರ್ಧ ದಿನ. ಮಂಗಳವಾರವೋ ಬುಧವಾರವೋ ಹನ್ನೊಂದು ಗಂಟೆ ಸುಮಾರಿಗೆ ಹೋಗಿ. "ಮಕ್ಕಳನ್ನು ಸೇರಿಸಬೇಕಿತ್ತು, ಶಾಲೆ ನೋಡಬಹುದಾ ಸರ್" ಅಂದರೆ ಸಾಕು. ಮಕ್ಕಳ ಸಂಖ್ಯೆ ಹೆಚ್ಚಾಗಲಿ ಅಂತ ಕಾಯುವ ಮುಖ್ಯ ಶಿಕ್ಷಕರು ಖುಷಿಯಿಂದಲೇ ತೋರಿಸುತ್ತಾರೆ. ಒಳಗೇ ಬಿಡದಿದ್ದರೆ ಅದೂ ಒಂದು ಉತ್ತರವೇ.

ತರಗತಿಯ ಬೋರ್ಡಿನ ಮೂಲೆಯಲ್ಲಿ ಒಟ್ಟು ಎಷ್ಟು, ಹಾಜರು ಎಷ್ಟು ಅಂತ ಬರೆದಿರುತ್ತಾರೆ. ಅದನ್ನು ನೋಡಿ, ಆಮೇಲೆ ತಲೆ ಎಣಿಸಿ. 28 ಹಾಜರು ಅಂತ ಬರೆದು ಹತ್ತೊಂಬತ್ತು ಮಕ್ಕಳಿದ್ದರೆ ಕಾರಣ ಕೇಳಿ. ಮಕ್ಕಳು ದಿನಾ ಬರುವ ಶಾಲೆಯಲ್ಲಿ ಏನೋ ಸರಿ ಇದೆ ಅಂತ ನನ್ನ ಅನುಭವ.

ಮೂರನೇ ತರಗತಿಗೆ ಹೋಗಿ, ಶಿಕ್ಷಕರ ಒಪ್ಪಿಗೆ ಕೇಳಿ, ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪುಟ ಓದಲು ಮೂರ್ನಾಲ್ಕು ಮಕ್ಕಳಿಗೆ ಹೇಳಿ. ಮುಂದಿನ ಸಾಲಿನಲ್ಲಿ ಕೈ ಎತ್ತುವವರು ಬೇಡ, ಹಿಂದೆ ಕೂತವರು. ಇದು ನನ್ನ ಉಪಾಯ ಅಲ್ಲ. ಅಸರ್ ಸಮೀಕ್ಷೆಯಲ್ಲಿ ಇಡೀ ದೇಶದ ಹಳ್ಳಿ ಮಕ್ಕಳ ಓದನ್ನು ಹೀಗೇ ಅಳೆಯುತ್ತಾರೆ: ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಲೆಕ್ಕಕ್ಕೆ 52ರಲ್ಲಿ 27 ಕಳೆಯಲು ಹೇಳಿ. ದಶಕ ತೆಗೆದುಕೊಂಡು ಕಳೆಯಲು ಬಂದರೆ ಆ ಟೀಚರ್ ಕೆಲಸ ಮಾಡಿದ್ದಾರೆ ಅಂತ ಅರ್ಥ. ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲಿ ಎರಡು ಕಳೆದು 35 ಅಂತ ಬರೆಯುವ ಮಕ್ಕಳು ತುಂಬ ಸಿಗುತ್ತಾರೆ. ಒಬ್ಬರು ಹಾಗೆ ಬರೆದರೆ ಮಗುವಿನ ತಪ್ಪು, ನಾಲ್ವರೂ ಹಾಗೇ ಬರೆದರೆ ಪಾಠದ ತಪ್ಪು.

ನೋಟ್‌ಬುಕ್ ತೆಗೆದು ನೋಡಿ. ಎಲ್ಲ ಮಕ್ಕಳ ಪುಸ್ತಕದಲ್ಲೂ ಅದೇ ಉತ್ತರ, ಅದೇ ವಾಕ್ಯ, ಕೆಳಗೆ ಒಂದು ದೊಡ್ಡ ರೈಟ್ ಗುರುತು ಇದ್ದರೆ ಬೋರ್ಡ್ ನೋಡಿ ನಕಲು ಮಾಡಿದ್ದು. ಮಗುವಿನ ಸೊಟ್ಟ ಅಕ್ಷರದ ತಪ್ಪು ವಾಕ್ಯ ಇದ್ದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ತಾರೀಖು ಹಾಕಿದ್ದರೆ ಆ ಶಾಲೆಗೆ ನನ್ನ ಮಗುವನ್ನೂ ಕಳಿಸುತ್ತೇನೆ. ಗ್ರಂಥಾಲಯದ ಪುಸ್ತಕಗಳೂ ಹಾಗೇ. ಬೀರುವಿನಲ್ಲಿ ಹೊಸದಾಗಿ ಹೊಳೆಯುತ್ತಿದ್ದು ಬೀಗದ ಕೈ ಎಲ್ಲಿದೆ ಅಂತ ಹುಡುಕಬೇಕಾದರೆ ಪ್ರಯೋಜನವಿಲ್ಲ. ಮೂಲೆ ಮಡಚಿ, ಬೆನ್ನಿಗೆ ಟೇಪು ಅಂಟಿಸಿದ ಪುಸ್ತಕಗಳೇ ಬೇಕು. ಕೊನೆಗೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ. ಕಲಬುರಗಿ ಬೇಸಿಗೆ ನಿಮಗೆ ಗೊತ್ತು. ಕುಡಿಯೋಕೆ, ಶೌಚಕ್ಕೆ ನೀರಿಲ್ಲದ ಶಾಲೆಯಲ್ಲಿ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ.

ಮುಖ್ಯ ಶಿಕ್ಷಕರಿಗೆ ಇದನ್ನೆಲ್ಲ ಕೇಳಿ: ಎಷ್ಟು ಹುದ್ದೆ ಮಂಜೂರಾಗಿವೆ, ಅದರಲ್ಲಿ ಎಷ್ಟು ಜನ ದಿನಾ ಇಲ್ಲೇ ಇರುತ್ತಾರೆ, ಯಾರಾದರೂ ಬೇರೆ ಕಡೆ ನಿಯೋಜನೆ ಮೇಲೆ ಹೋಗಿದ್ದಾರಾ, 6ರಿಂದ 8ಕ್ಕೆ ಗಣಿತ-ವಿಜ್ಞಾನ ಯಾರು ಮಾಡುತ್ತಾರೆ. ಕಾನೂನಿನ ಲೆಕ್ಕ ನಿಮ್ಮ ಕೈಯಲ್ಲಿರಲಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ರ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು ಇರಬೇಕು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು, ಜತೆಗೆ ಗಣಿತ-ವಿಜ್ಞಾನ, ಸಮಾಜ, ಭಾಷೆ ಈ ಮೂರಕ್ಕೂ ಕಡೇಪಕ್ಷ ಒಬ್ಬೊಬ್ಬರು ಬೇಕು. ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ನಂಬರ್ ಇದೆ, ಗೋಡೆ ಮೇಲೆ ಬರೆದಿರುತ್ತಾರೆ. ಅದನ್ನು ಮೊಬೈಲ್‌ನಲ್ಲೇ ಯು-ಡೈಸ್ ವೆಬ್‌ಸೈಟ್ ತೆರೆದು ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ ಎಷ್ಟು ಅಂತ ಬರುತ್ತದೆ. ಅದು ಹಿಂದಿನ ವರ್ಷ ತುಂಬಿಸಿದ ಮಾಹಿತಿ ಅನ್ನೋದು ನೆನಪಿರಲಿ. ಕಾಗದದ ಮೇಲೆ ಇರುವ ಶಿಕ್ಷಕರು ತರಗತಿಯಲ್ಲೂ ಇದ್ದಾರಾ ಅಂತ ಕಣ್ಣಾರೆ ನೋಡಬೇಕು.

ಚಿಕ್ಕ ಶಾಲೆ, ಇಬ್ಬರೇ ಶಿಕ್ಷಕರು

34 ಮಕ್ಕಳಿಗೆ ಇಬ್ಬರು ಅಂದರೆ ಲೆಕ್ಕ ಚೆನ್ನಾಗಿದೆ, ಹೆಚ್ಚಿನ ಖಾಸಗಿ ಶಾಲೆಗಳಲ್ಲೂ ಇಷ್ಟಿರೋದಿಲ್ಲ. ಆದರೆ ತರಗತಿ ಐದು ಇವೆ ಅಲ್ವಾ? ಹಾಗಾದರೆ ಹೇಗೆ ನಡೆಯುತ್ತದೆ? ಒಬ್ಬರು 1ರಿಂದ 3ನ್ನು ಒಟ್ಟಿಗೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು 4 ಮತ್ತು 5ನ್ನು.

ಮೊದಲ ಮೂರು ತರಗತಿ ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂತಿರೋದು ನೋಡಿ, "ಇಲ್ಲಿ ಪಾಠವೇ ನಡೆಯೋದಿಲ್ಲ" ಅಂತ ತಂದೆ ತಾಯಿ ವಾಪಸ್ ಹೋಗೋದುಂಟು. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ಪದ್ಧತಿ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಹತ್ತು ದಿನ ಜ್ವರ ಬಂದು ಬರದಿದ್ದ ಮಗು ಬಿಟ್ಟ ಜಾಗದಿಂದಲೇ ಹಿಡಿಯಬಹುದು. ಗುಳೆ ಹೋಗಿ ಬರುವ ನಮ್ಮ ಭಾಗದ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಗೊತ್ತಿಲ್ಲ. ಮಾಡುವವರು ಮನಸ್ಸಿಟ್ಟು ಮಾಡಬೇಕು, ಅಷ್ಟೇ. ಮಾಡುತ್ತಿದ್ದಾರಾ ಅಂತ ತಿಳಿಯೋದು ಸುಲಭ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದಿಷ್ಟು ಬೋರ್ಡ್ ಜಾಗ ಮಾಡಿರುತ್ತಾರೆ. ಅದರ ಮೇಲೆ ಇವತ್ತಿನ ಸೀಮೆಸುಣ್ಣದ ಗೆರೆ ಇವೆಯಾ? ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ತೂಗುತ್ತಿರುವ ಚಿತ್ರಗಳು ಈ ತಿಂಗಳದ್ದಾ, ಅಥವಾ ಧೂಳು ಹಿಡಿದು ಬಣ್ಣ ಬಿಟ್ಟಿವೆಯಾ? ಕಲಿಕೆಯ ಕಾರ್ಡುಗಳು ಮಕ್ಕಳ ಕೈಯಲ್ಲಿವೆಯಾ, ಡಬ್ಬಿಯಲ್ಲಿವೆಯಾ?

ಚಿಕ್ಕ ಶಾಲೆಯ ಅಪಾಯ ಬೇರೆ. ಇಬ್ಬರಲ್ಲಿ ಒಬ್ಬರಿಗೆ ತರಬೇತಿ, ಚುನಾವಣೆ ಕೆಲಸ, ಹೆರಿಗೆ ರಜೆ, ಗಣತಿ ಏನೇ ಬಂದರೂ ಅರ್ಧ ಶಾಲೆ ನಿಂತ ಹಾಗೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಹಾಕಿ, ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು. ಇನ್ನೊಂದು, ಮಕ್ಕಳು ಕಡಿಮೆ ಇರುವ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವ ಮಾತು ಆಗಾಗ ಏಳುತ್ತದೆ. ಅದೇನೂ ಸುಳ್ಳು ಹೆದರಿಕೆ ಅಲ್ಲ. ಆದರೆ ಹೊಸ ಲೇಔಟ್‌ಗಳ ಮಧ್ಯೆ ಇರುವ ಶಾಲೆಗೆ ಮಕ್ಕಳು ಹೆಚ್ಚುವ ಸಾಧ್ಯತೆಯೂ ಇದೆ. ಕಳೆದ ಮೂರು ವರ್ಷದ ಮಕ್ಕಳ ಸಂಖ್ಯೆ ಕೇಳಿದರೆ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಇಂಗ್ಲಿಷ್ ಮೀಡಿಯಂ ಅನ್ನೋ ಗಂಟು

2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಶುರುವಾಯಿತು. ಪಾಠ ಮಾಡುವವರು ಹೆಚ್ಚಾಗಿ ಕನ್ನಡ ಮೀಡಿಯಂನಲ್ಲೇ ಓದಿ, ಕನ್ನಡದಲ್ಲೇ ಡಿ.ಇಡಿ ಮಾಡಿದವರು. ಕೆಲ ದಿನಗಳ ತರಬೇತಿ ಕೊಟ್ಟು ಕಳಿಸಿದ್ದಾರೆ. ಅವರಲ್ಲಿ ಕಷ್ಟಪಟ್ಟು ಚೆನ್ನಾಗಿ ಮಾಡುವವರನ್ನು ನೋಡಿದ್ದೇನೆ. ಪುಸ್ತಕದ ಇಂಗ್ಲಿಷ್ ಓದಿ, ಕನ್ನಡದಲ್ಲಿ ವಿವರಿಸಿ, ಉತ್ತರ ಬಾಯಿಪಾಠ ಮಾಡಿಸುವವರನ್ನೂ ನೋಡಿದ್ದೇನೆ. ಬಾಗಿಲ ಮೇಲೆ ಬೋರ್ಡ್ ಬದಲಾದ ಮಾತ್ರಕ್ಕೆ ಮಗುವಿಗೆ ಇಂಗ್ಲಿಷ್ ಬರೋದಿಲ್ಲ. ಕನ್ನಡ ಮೀಡಿಯಂನಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ ಅನ್ನೋದು ಗೊತ್ತಿರಲಿ.

ನಿಮ್ಮ ಮಗನ ಮಾತು ಬೇರೆ, ಮಗಳ ಮಾತು ಬೇರೆ. ಮಗನಿಗೆ ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ. ಅವನಿಗೆ ಕನ್ನಡವೇ ಎರಡನೇ ಭಾಷೆ. ಅದರ ಮೇಲೆ ಮನೆಯಲ್ಲಿ ಯಾರೂ ಮಾತಾಡದ ಮೂರನೇ ಭಾಷೆಯಲ್ಲಿ ಓದು ಶುರು ಮಾಡಿಸಿದರೆ, ಓದೋದನ್ನು ಕಲಿಯೋದೂ ಭಾಷೆ ಕಲಿಯೋದೂ ಒಟ್ಟಿಗೆ ಬೀಳುತ್ತದೆ. ಕನ್ನಡದಲ್ಲಿ ಶುರು ಮಾಡಿದರೆ ಸಂಜೆ ನೀವೇ ಪಕ್ಕ ಕೂತು ಓದಿಸಬಹುದು. ಎಸ್ಸೆಸ್ಸೆಲ್ಸಿ ಪಾಸಾದ ತಾಯಿ ಮನೆಯಲ್ಲಿರೋದು ಎಷ್ಟು ದೊಡ್ಡ ಆಸ್ತಿ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಇನ್ನು ಮೊದಲ ವಾರ ಮಗು ಲಂಬಾಣಿಯಲ್ಲಿ ಏನಾದರೂ ಕೇಳಿದರೆ ಟೀಚರ್ ನಕ್ಕು ಉತ್ತರ ಕೊಡುತ್ತಾರಾ, ಗದರುತ್ತಾರಾ ಅನ್ನೋದನ್ನೂ ಗಮನಿಸಿ.

ಮಗಳು ನಾಲ್ಕು ವರ್ಷ ಇಂಗ್ಲಿಷ್‌ನಲ್ಲಿ ಓದಿದ್ದಾಳೆ. ಐದಕ್ಕೆ ಕನ್ನಡ ಮೀಡಿಯಂಗೆ ಬಂದರೆ ಮೊದಲ ಕೆಲ ತಿಂಗಳು ಗಣಿತ, ಪರಿಸರ ಅಧ್ಯಯನದಲ್ಲಿ ತಡಕಾಡುತ್ತಾಳೆ. ಲೆಕ್ಕ ಬರುತ್ತದೆ, ಆದರೆ ಭಿನ್ನರಾಶಿ, ಅಂಶ, ಛೇದ, ಸುತ್ತಳತೆ ಅಂದರೆ ಏನು ಅಂತ ಗೊತ್ತಾಗದೆ ಸುಮ್ನೆ ಕೂರುತ್ತಾಳೆ. ಶಿಕ್ಷಕರು ಅದನ್ನು ದಡ್ಡತನ ಅಂದುಕೊಳ್ಳಬಾರದು. ಸೇರಿಸುವಾಗಲೇ ಹೇಳಿ. ಕನ್ನಡ ಮೀಡಿಯಂನ 4ನೇ ತರಗತಿ ಗಣಿತ ಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ದಿನಾ ಒಂದು ಗಂಟೆ ಇಬ್ಬರೂ ಕೂತು ಅದನ್ನು ಮುಗಿಸಿದರೆ ಅರ್ಧ ಕಷ್ಟ ಕಳೆಯುತ್ತದೆ.

ಮೀಸಲಾತಿ ವಿಷಯವೂ ಇದರ ಜತೆ ಬರುತ್ತದೆ. 1ರಿಂದ 10ರವರೆಗೆ ಪೂರ್ತಿ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲೂ ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಶೇ 5 ಇದೆ. ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಇದೆ. ಮಗಳಿಗೆ ಎರಡೂ ಈಗ ಸಿಗೋದಿಲ್ಲ, ಮಗನಿಗೆ ಸಿಗಬಹುದು. ಊರಂಚಿನಲ್ಲಿ ರಸ್ತೆಯ ಈ ಕಡೆ ಮಹಾನಗರ ಪಾಲಿಕೆ, ಆ ಕಡೆ ಗ್ರಾಮ ಪಂಚಾಯಿತಿ ಇರುತ್ತದೆ. ಶಾಲೆ ಯಾವ ಹದ್ದಿನಲ್ಲಿದೆ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಇದಕ್ಕಾಗಿಯೇ ಶಾಲೆ ಆರಿಸಬೇಡಿ, ಆದರೆ ಗೊತ್ತಿಲ್ಲದೆ ಕಳೆದುಕೊಳ್ಳಬೇಡಿ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ ಸೌಲಭ್ಯಕ್ಕೂ ಸರ್ಕಾರಿ-ಖಾಸಗಿ ಶಾಲೆಗೂ ಸಂಬಂಧ ಇಲ್ಲ, ಅದು ಈ ಭಾಗದಲ್ಲಿ ಹುಟ್ಟಿದ್ದಕ್ಕೆ ಅಥವಾ ಹತ್ತು ವರ್ಷ ವಾಸ ಇದ್ದದ್ದಕ್ಕೆ ಸಿಗೋದು.

ಹಾಗಾದರೆ ಯಾವುದು?

ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಕೆಪಿಎಸ್‌ನಿಂದ ಶುರು ಮಾಡುತ್ತೇನೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಮಧ್ಯೆ ಶಾಲೆ ಬದಲಿಸುವ ತಾಪತ್ರಯ ಇಲ್ಲ, ಮಗಳಿಗೆ ಇಂಗ್ಲಿಷ್ ಮುಂದುವರಿಯುತ್ತದೆ. ಇಂಗ್ಲಿಷ್ ವಿಭಾಗದಲ್ಲಿ ಸೀಟು ಸೀಮಿತ, 5ಕ್ಕೆ ಜಾಗ ಇದೆಯಾ ಅಂತ ಈಗಲೇ ಕೇಳಬೇಕು. ನನಗೆ ಹೆದರಿಕೆ ಇರೋದು ಆ ಏಳು ಕಿಲೋಮೀಟರ್ ಬಗ್ಗೆ. ರಿಂಗ್ ರೋಡ್‌ನಲ್ಲಿ ಸಿಮೆಂಟ್ ಲಾರಿಗಳ ಮಧ್ಯೆ ಹನ್ನೆರಡು ಮಕ್ಕಳನ್ನು ತುಂಬಿಕೊಂಡು, ಬ್ಯಾಗುಗಳನ್ನು ಹೊರಗೆ ನೇತುಹಾಕಿಕೊಂಡು ಓಡುವ ಆಟೋಗಳನ್ನು ದಿನಾ ನೋಡುತ್ತೇವೆ. ಆರು ವರ್ಷದ ಹುಡುಗನನ್ನು ಅದರಲ್ಲಿ ಕೂರಿಸಿ ಅಂತ ನಾನು ಹೇಳಲಾರೆ. ದೂರದ ಶಾಲೆಗೆ ಸೇರಿಸಿದ ಮಕ್ಕಳು ಮಳೆ ಬಂದ ದಿನ, ಆಟೋದವರು ರಜೆ ಹಾಕಿದ ದಿನ, ಮನೆಯಲ್ಲಿ ದುಡ್ಡಿಲ್ಲದ ತಿಂಗಳು ಮನೆಯಲ್ಲೇ ಉಳಿಯುತ್ತಾರೆ. ಶಾಲೆ ಎಷ್ಟೇ ಒಳ್ಳೆಯದಿದ್ದರೂ ಹೋಗದ ದಿನ ಕಲಿಯಲು ಆಗೋದಿಲ್ಲ. ನಿಮ್ಮ ಲೇಔಟ್ ಹತ್ತಿರ ಕೆಕೆಆರ್‌ಟಿಸಿ ಸಿಟಿ ಬಸ್ ಶಾಲೆ ಹೊತ್ತಿಗೆ ಬರುತ್ತಿದ್ದರೆ ಮಗಳ ಮಟ್ಟಿಗೆ ಲೆಕ್ಕ ಬದಲಾಗುತ್ತದೆ. ಶಕ್ತಿ ಯೋಜನೆಯಲ್ಲಿ ನಿಮಗೂ ಅವಳಿಗೂ ಟಿಕೆಟ್ ಇಲ್ಲ, ಮೊದಲ ತಿಂಗಳು ನೀವೇ ಜತೆಗೆ ಹೋಗಿ ಬರಬಹುದು.

ಮನೆ ಹತ್ತಿರದ ಚಿಕ್ಕ ಶಾಲೆ ಮಗಳಿಗೆ ಬೇಡ. ಅಲ್ಲಿ ಅವಳಿಗೆ ಇರೋದು ಒಂದೇ ವರ್ಷ. ಐದಕ್ಕೆ ಒಂದು ಬದಲಾವಣೆ, ಆರಕ್ಕೆ ಇನ್ನೊಂದು ಅಂದರೆ ಮಗು ಎಲ್ಲೂ ಬೇರು ಬಿಡೋದಿಲ್ಲ. ಮಗನಿಗೆ ಅದು ಒಪ್ಪಬಹುದಾದ ಜಾಗ, ಇಬ್ಬರೂ ಶಿಕ್ಷಕರು ಖಾಯಂ ಇದ್ದು ನಲಿ-ಕಲಿ ನಿಜಕ್ಕೂ ನಡೆಯುತ್ತಿದ್ದರೆ ಮಾತ್ರ.

ನನ್ನ ಒಲವು ಹಳೇ ಊರಿನ 1ರಿಂದ 8ರ ಶಾಲೆ ಕಡೆಗೆ, ಇಬ್ಬರಿಗೂ. ಎರಡು ಕಿಲೋಮೀಟರ್, ಅಕ್ಕ ತಮ್ಮ ಒಟ್ಟಿಗೆ, ಲೇಔಟ್‌ನ ಬೇರೆ ಮಕ್ಕಳ ಜತೆ ಹೋಗಬಹುದು. ಮಧ್ಯೆ ದೊಡ್ಡ ರಸ್ತೆ ದಾಟಬೇಕಿದ್ದರೆ ಅಲ್ಲಿವರೆಗೆ ದೊಡ್ಡವರು ಬರಬೇಕು. ಮುನ್ನೂರು ಮಕ್ಕಳ ಶಾಲೆಯಲ್ಲಿ ಒಬ್ಬ ಶಿಕ್ಷಕರು ರಜೆ ಹಾಕಿದರೆ ಶಾಲೆ ನಿಲ್ಲೋದಿಲ್ಲ. ಹಳೇ ಊರಿನ ಶಾಲೆಗಳಲ್ಲಿ ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾ ಅಭಿವೃದ್ಧಿ ಸಮಿತಿ) ಗಟ್ಟಿ ಇರುತ್ತದೆ, ಊರವರು ಕಾಂಪೌಂಡ್, ನೀರು ಅಂತ ಓಡಾಡುತ್ತಾರೆ. ಅಪಾಯ ಎಂದರೆ ಒಂದನೇ ತರಗತಿಯಲ್ಲಿ ಮಕ್ಕಳು ಕಿಕ್ಕಿರಿದಿರೋದು, ಮತ್ತೆ ಮೇಲಿನ ತರಗತಿಗೆ ಗಣಿತ-ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇರೋದು. ಮೊದಲನೆಯದು ಇದ್ದರೆ ಮಗನನ್ನು ಮೂರು ವರ್ಷ ಚಿಕ್ಕ ಶಾಲೆಯಲ್ಲೇ ಓದಿಸಿ ಆಮೇಲೆ ತನ್ನಿ. ಎರಡನೆಯದು ಇದ್ದರೆ, ಮಗಳನ್ನು ಬಸ್‌ನಲ್ಲಿ ಕೆಪಿಎಸ್‌ಗೆ ಕಳಿಸುವ ಬಗ್ಗೆ ಯೋಚನೆ ಮಾಡಿ. ಬಿಸಿಯೂಟ, ಹಾಲು, ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಮೂರೂ ಕಡೆ ಒಂದೇ, ಅದನ್ನು ಹೋಲಿಸಬೇಕಿಲ್ಲ. ಅಡುಗೆ ಕೋಣೆಯ ಅಚ್ಚುಕಟ್ಟು ಮಾತ್ರ ನೋಡಿ.

ಮಗಳಿಗೆ ಇನ್ನೊಂದು ಬಾಗಿಲು ಇದೆ, ಅದನ್ನು ನೀವು ಬರೆದೇ ಇಲ್ಲ. ಐದನೇ ತರಗತಿಯಲ್ಲಿರುವಾಗ ಆರಕ್ಕೆ ಪ್ರವೇಶ ಪರೀಕ್ಷೆಗಳು ನಡೆಯುತ್ತವೆ. ಆದರ್ಶ ವಿದ್ಯಾಲಯ ಇಂಗ್ಲಿಷ್ ಮೀಡಿಯಂ ಸರ್ಕಾರಿ ಶಾಲೆ, 6ರಿಂದ 10, ಶಾಲೆಗೆ 80 ಸೀಟು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಊಟ, ವಸತಿ ಉಚಿತ. ಕೇಂದ್ರ ಸರ್ಕಾರದ ವಸತಿ ಶಾಲೆ ಜವಾಹರ್ ನವೋದಯದಲ್ಲಿ ಶೇ 75 ಸೀಟು 3, 4, 5ನೇ ತರಗತಿಯನ್ನು ಹಳ್ಳಿಯಲ್ಲಿ ಓದಿದವರಿಗೆ. ಮಗಳು ನಗರದಲ್ಲಿ ಓದಿದ್ದರಿಂದ ಉಳಿದ ಭಾಗದಲ್ಲಿ ಮಾತ್ರ ಸ್ಪರ್ಧೆ, ಅದು ಕಷ್ಟ. ಆದರ್ಶ, ವಸತಿ ಶಾಲೆಗಳಿಗೆ ಮನಸ್ಸಿಟ್ಟು ತಯಾರಿ ಮಾಡಿಸಿ. ಆಯ್ಕೆಯಾದರೆ ಅವಳ ಇಂಗ್ಲಿಷ್ ವ್ಯರ್ಥವಾಗೋದಿಲ್ಲ. ಆಗದಿದ್ದರೂ 1ರಿಂದ 8ರ ಶಾಲೆಯಲ್ಲಿ ಅವಳ ಜಾಗ ಇದ್ದೇ ಇರುತ್ತದೆ. ವಸತಿ ಶಾಲೆಗೆ ಹತ್ತು ಹನ್ನೊಂದು ವರ್ಷದ ಮಗುವನ್ನು ಕಳಿಸೋದು ಎಲ್ಲ ಮನೆಗೂ ಹೊಂದುವುದಿಲ್ಲ, ಅವಳನ್ನೇ ಕೇಳಿ. ನವೋದಯ ಅರ್ಜಿ ಜುಲೈ ಹೊತ್ತಿಗೆ, ಉಳಿದವು ಆಮೇಲೆ ಬರುತ್ತವೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ, ವಿದ್ಯಾರ್ಥಿವೇತನಕ್ಕೂ ಬೇಕಾಗುತ್ತದೆ.

ಕೊನೆಯದಾಗಿ ಟಿಸಿ, ಅಂದರೆ ವರ್ಗಾವಣೆ ಪತ್ರ. ಬಾಕಿ ಫೀ ಇದ್ದರೆ ಖಾಸಗಿ ಶಾಲೆಯವರು ಟಿಸಿ ತಡೆಹಿಡಿಯುತ್ತಾರೆ ಅನ್ನೋ ಹೆದರಿಕೆಗೆ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಹಳೆಯ ಶಾಲೆ ತಕ್ಷಣ ಟಿಸಿ ಕೊಡಬೇಕು. ಅದು ತಡವಾಯಿತು ಅಂತ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹೊಸ ಶಾಲೆಯ ಮುಖ್ಯ ಶಿಕ್ಷಕರು ಮಗಳ ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್) ಹಾಕಿ ಕಂಪ್ಯೂಟರ್‌ನಲ್ಲೇ ಹಳೆಯ ಶಾಲೆಗೆ ಕೋರಿಕೆ ಕಳಿಸುತ್ತಾರೆ. ಆ ನಂಬರ್ ಅಂಕಪಟ್ಟಿ ಮೇಲೆ ಇರುತ್ತದೆ, ಈಗಲೇ ಬರೆದಿಟ್ಟುಕೊಳ್ಳಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು, ಮಗನಿಗೆ ತುಂಬಿರುತ್ತದೆ. ಅವನಿಗೆ ಪರೀಕ್ಷೆ, ಸಂದರ್ಶನ ಮಾಡಲು ಯಾವ ಶಾಲೆಗೂ ಅಧಿಕಾರ ಇಲ್ಲ. ಮೇ ಕೊನೆಯ ವಾರ ಶಾಲೆ ತೆರೆದ ಮೊದಲ ದಿನಗಳಲ್ಲೇ ಜನನ ಪ್ರಮಾಣಪತ್ರ, ಆಧಾರ್ ನಕಲು, ಫೋಟೊ ತೆಗೆದುಕೊಂಡು ಹೋಗಿ. ಎಲ್ಲಾದರೂ "ಸೀಟಿಲ್ಲ, ಆಮೇಲೆ ಬನ್ನಿ" ಅಂದರೆ ಬಾಯಿ ಮಾತಿಗೆ ವಾಪಸ್ ಬರಬೇಡಿ, ಅರ್ಜಿ ಬರೆದು ಕೊಟ್ಟು ಸಹಿ, ಸೀಲು ಹಾಕಿಸಿಕೊಳ್ಳಿ. ಆಗಲೂ ಆಗದಿದ್ದರೆ ನಿಮ್ಮ ಲೇಔಟ್ ಯಾವ ವಲಯಕ್ಕೆ ಬರುತ್ತದೆ ನೋಡಿ, ಉತ್ತರವೋ ದಕ್ಷಿಣವೋ, ಆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅದೇ ಅರ್ಜಿಯ ಪ್ರತಿ ಕೊಡಿ.